ರುಮಾಲಿಗಾಗಿ ಇಳಿಸಿದ ಸೀಟು

ನನ್ನ ಎತ್ತರದ ವಿಷಯ ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಎಲ್ಲರ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ನಾನು ಗಿಡ್ಡಿ. ಬಸವನ ಬಾಗೇವಾಡಿಯ ಕೋರ್ಟಿನಲ್ಲಿ ವಕೀಲಿ ಮಾಡುತ್ತೇನೆ. ಒಮ್ಮೆ ಹೊಸದಾಗಿ ಬಂದ ನ್ಯಾಯಾಧೀಶರು "ಎದ್ದು ನಿಂತು ಮಾತಾಡಿ" ಎಂದರು. ನಾನು ನಿಂತೇ ಇದ್ದೆ. ನಮ್ಮಪ್ಪ ಮಾತ್ರ ಎತ್ತರದ ಆಳು. ಮಸೂತಿಯ ನಮ್ಮ ಮನೆಯ ಪ್ರತಿ ಬಾಗಿಲಿಗೂ ಬಗ್ಗಿಯೇ ಒಳಗೆ ಬರಬೇಕು, ಅದೂ ರುಮಾಲು ಸುತ್ತಿಕೊಂಡಿದ್ದರೆ ಇನ್ನೂ ಬಗ್ಗಬೇಕು. ಅವನ ಎತ್ತರ ನನ್ನ ತಮ್ಮನಿಗೆ ಹೋಯಿತು, ಸಿಟ್ಟು ನನಗೆ ಬಂತು. ಪಾಲು ಸರಿಯಾಗಿಯೇ ಆಗಿದೆ ಎಂದು ಅವ್ವ ಹೇಳುತ್ತಾಳೆ.

ನನ್ನ ಹತ್ತಿರ ಒಂದು ಹಳೆಯ ಕೆಂಪು ಸ್ಪೋರ್ಟ್ಸ್ ಕಾರು ಇದೆ. ಎರಡು ಬಾಗಿಲು, ಎರಡೇ ಸೀಟು, ಮುಂದೆ ಉದ್ದನೆಯ ಮೂತಿ, ಹಿಂದೆ ಒಂದು ಚೀಲ ಇಟ್ಟರೆ ಮುಚ್ಚಳ ಹಾಕಲು ಒದ್ದಾಡಬೇಕಾದ ಡಿಕ್ಕಿ. ಯಾರ್ಯಾರದೋ ಕೈ ದಾಟಿ ಅದು ಇಂಡಿಯ ಒಬ್ಬ ನಿಂಬೆ ವ್ಯಾಪಾರಿಯ ಮನೆ ಸೇರಿತ್ತು. ಅವರಿಗೆ ಮದುವೆಯಾಗಿ, ಮಕ್ಕಳಾಗಿ, ಮಕ್ಕಳನ್ನು ಎಲ್ಲಿ ಕೂರಿಸುವುದೆಂದು ತಿಳಿಯದೆ ಅದನ್ನು ನಿಂಬೆಕಾಯಿ ಬುಟ್ಟಿಗಳ ನಡುವೆ ನಿಲ್ಲಿಸಿಬಿಟ್ಟಿದ್ದರು. ಒಂದು ಕೇಸಿನ ಸಲುವಾಗಿ ಇಂಡಿಗೆ ಹೋದಾಗ ನನ್ನ ಕಣ್ಣಿಗೆ ಬಿತ್ತು. ಇಷ್ಟು ವರ್ಷ ನೋಡಲು ಬಂದ ಒಂದು ಗಂಡನ್ನೂ ಒಪ್ಪದವಳು ಕಾರನ್ನು ನಿಂತ ಕಾಲ ಮೇಲೆ ಒಪ್ಪಿಬಿಟ್ಟಳು ಎಂದು ಊರೆಲ್ಲ ನಕ್ಕಿತು. ನಗಲಿ ಬಿಡಿ.

ಅದರಲ್ಲಿ ಕೂತರೆ ನನಗೆ ಸ್ಟೇರಿಂಗ್ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಹಾಗಾಗಿ ಸಿಂದಗಿಯ ಒಂದು ಕುಶನ್ ಅಂಗಡಿಗೆ ಒಯ್ದು ಡ್ರೈವರ್ ಸೀಟನ್ನು ಎತ್ತರ ಮಾಡಿಸಿದೆ. ಕೆಳಗೆ ಒಂದು ಹಲಗೆ, ಹಲಗೆಯ ಮೇಲೆ ದಪ್ಪನೆಯ ಫೋಮು. ರಸ್ತೆ ಕಂಡಿತು, ಕೋರ್ಟಿಗೆ ಓಡಾಡತೊಡಗಿದೆ, ಎಲ್ಲವೂ ಸುಸೂತ್ರವಾಗಿತ್ತು. ಆ ಸೀಟನ್ನು ಮತ್ತೆ ಇಳಿಸುವ ಪ್ರಸಂಗ ಬಂದದ್ದು ತಂಗಡಗಿಯ ನಮ್ಮತ್ತೆಯಿಂದ.

ಅತ್ತೆ ಎಂದರೆ ಅಪ್ಪನ ಒಬ್ಬಳೇ ತಂಗಿ. ನನ್ನ ಗಿಡ್ಡತನ ಅವಳ ಕಡೆಯಿಂದ ಬಂದದ್ದು. ಅವಳನ್ನು ಮುದ್ದೇಬಿಹಾಳದ ಆಚೆ, ಕೃಷ್ಣೆಯ ದಂಡೆಯ ತಂಗಡಗಿಗೆ ಕೊಟ್ಟಿದ್ದಾರೆ. ನಮ್ಮ ಕಡೆ ನಾಗರಪಂಚಮಿ ಬಂದರೆ, ಕೊಟ್ಟ ಹೆಣ್ಣುಮಕ್ಕಳನ್ನು ತವರಿಗೆ ಕರೆತರುವುದು ಅಣ್ಣತಮ್ಮಂದಿರ ಕೆಲಸ. ಅವಳು ತಾನಾಗಿಯೇ ಬಸ್ಸು ಹತ್ತಿ ಬಂದರೆ ನಡೆಯುವುದಿಲ್ಲ, ಅಣ್ಣ ಹೋಗಿ ಬಾಗಿಲಲ್ಲಿ ನಿಂತು ಕರೆಯಬೇಕು. ಅಪ್ಪ ಮೀಸೆ ಚಿಗುರಿದ ಕಾಲದಿಂದ ಅದನ್ನು ತಪ್ಪಿಸಿರಲಿಲ್ಲ.

ಮೊದಲ ವರ್ಷಗಳಲ್ಲಿ ಬಂಡಿ ಕಟ್ಟಿಕೊಂಡು ಹೋಗುತ್ತಿದ್ದ. ದಾರಿಯಲ್ಲಿ ಬೀಗರ ಊರಲ್ಲಿ ಒಂದು ರಾತ್ರಿ ವಸ್ತಿ ಮಾಡಿ ಬರುವಷ್ಟು ದೂರ. ಬಂಡಿಯಲ್ಲಿ ಹುಲ್ಲು, ಹುಲ್ಲಿನ ಮೇಲೆ ಗಾದಿ, ಗಾದಿಯ ಮೇಲೆ ಕೌದಿ, ಕೌದಿಯ ಮೇಲೆ ಅತ್ತೆ. ಅಪ್ಪ ಮುಂದೆ, ಎತ್ತಿನ ಬಾಲ ಮುಖಕ್ಕೆ ಬಡಿಯುವಷ್ಟು ಕೆಳಗೆ ಕೂತು ಹೊಡೆಯುತ್ತಿದ್ದ. ದಾರಿಯುದ್ದಕ್ಕೂ ಇಬ್ಬರೇ, ಮಾತೋ ಮಾತು. ಗಂಡನ ಮನೆಯಲ್ಲಿ ವರ್ಷವಿಡೀ ನುಂಗಿಕೊಂಡದ್ದನ್ನೆಲ್ಲ ಅವಳು ಅಣ್ಣನ ಬೆನ್ನಿಗೆ ಹೇಳುತ್ತಿದ್ದಳು. ಹೇಳಿ ಹೇಳಿ ದಣಿದು ನಿದ್ದೆ ಹೋಗುತ್ತಿದ್ದಳು. ಮಸೂತಿಯ ಮನೆ ಮುಂದೆ ಬಂಡಿ ನಿಲ್ಲಿಸಿ ಅಪ್ಪ ಕೈ ಚಾಚುತ್ತಿದ್ದ. "ಏಳವಾ, ತವರಮನಿ ಬಂತು." ಆ ಕೈ ಹಿಡಿದು ಅವಳು ಕೆಳಗೆ ಜಿಗಿಯುತ್ತಿದ್ದಳು. ಇದನ್ನು ಅತ್ತೆ ಪ್ರತಿ ಪಂಚಮಿಗೂ ಎಳ್ಳುಂಡಿ, ಶೇಂಗಾ ಉಂಡಿ ಕಟ್ಟುತ್ತ ನಮಗೆ ಹೇಳುವಳು, ನಾವೂ ಮೊದಲ ಸಲ ಕೇಳಿದವರಂತೆ ಕೇಳುವೆವು.

ಆಮೇಲೆ ಟ್ರ್ಯಾಕ್ಟರ್ ಬಂತು, ಟ್ರ್ಯಾಕ್ಟರ್ ಹೋಗಿ ಜೀಪು ಬಂತು. ಜೀಪಿನಲ್ಲಿ ತಮ್ಮ, ತಮ್ಮನ ಮಕ್ಕಳು, ಮುದ್ದೇಬಿಹಾಳದಲ್ಲಿ ಕೈ ಮಾಡಿ ಹತ್ತುವ ಪರಿಚಯದವರು, ಅವರ ಗಂಟುಗಳು. ಆ ಗದ್ದಲದಲ್ಲಿ ಅಣ್ಣತಂಗಿ ಮಾತಾಡಿದ್ದು ಅಷ್ಟಕ್ಕಷ್ಟೇ.

ಒಂದು ವರ್ಷ ಪಂಚಮಿಯ ಹೊತ್ತಿಗೆ ಅಪ್ಪನ ಕಣ್ಣಿನ ಪೊರೆ ತೆಗೆಸಿದ್ದೆವು. ಧೂಳಿಗೆ ಹೋಗಬೇಡಿ ಎಂದು ಡಾಕ್ಟರು ಹೇಳಿದ್ದರಿಂದ ತಮ್ಮ ಒಬ್ಬನೇ ಜೀಪು ತೆಗೆದುಕೊಂಡು ತಂಗಡಗಿಗೆ ಹೋದ. ಖಾಲಿ ಜೀಪು ತಂದ. ಅತ್ತೆ ಅವನಿಗೆ ಹೊಟ್ಟೆ ತುಂಬ ಉಣ್ಣಲು ಹಾಕಿ, ಹಿಡಿ ತುಂಬ ಉಂಡಿ ಕೊಟ್ಟು, ಹೀಗೆ ಹೇಳಿ ಕಳಿಸಿದ್ದಳು: "ನೀ ಕರದ್ರ ನಾ ನಿನ್ನ ಮನಿಗೆ ಬಂದಂಗ ಆಗತೈತಿ. ನನ್ನ ತವರಿಗೆ ಬರಬೇಕಂದ್ರ ನಿಮ್ಮಪ್ಪ ಬರಬೇಕು."

ಆ ವರ್ಷ ಹಿತ್ತಲ ಬೇವಿನ ಗಿಡಕ್ಕೆ ಜೋಕಾಲಿ ಕಟ್ಟಿದ್ದೆವು, ಆದರೆ ಏರುವವರಿಗೆ ಉಮೇದಿರಲಿಲ್ಲ. ಅಪ್ಪ ಕಪ್ಪು ಕನ್ನಡಕ ಹಾಕಿಕೊಂಡು ಅದರ ಪಕ್ಕ ಹೊರಸಿನ ಮೇಲೆ ಸುಮ್ಮನೆ ಕೂತಿದ್ದ. ನನಗೆ ನೋಡಲಾಗಲಿಲ್ಲ. ಅತ್ತೆಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಒತ್ತಿ, ಅವನ ಮುಂದೆ ಹಿಡಿದೆ.

"ಏನಪಾ ಅಣ್ಣಾ, ಮುಂದಿನ ವರ್ಷರ ಬರ್ತೀಯೋ, ಇಲ್ಲಾ ಆ ಮನಿ ಮಗಳ ಅಲ್ಲಂತ ತಗದ ಹಾಕಿದ್ಯೋ?"

"ಬರ್ತೇನವಾ."

"ಎದ್ರಾಗ ಬರ್ತಿ?"

"ನೀ ಹೇಳಿದ್ರಾಗ."

"ಹಂಗಾರ ಆ ಹುಡಿಗೀ ಕೆಂಪ ಗಾಡಿ ತಗೊಂಡು ಬಾ. ಅದ್ರಾಗ ಇಬ್ಬರಿಗೇ ಜಾಗಾ ಐತೆಲ್ಲ? ಬಂಡ್ಯಾಗ ಬಂದಂಗ ಬರೂಣು. ನೀ, ನಾ. ನಡುವ ಯಾರೂ ಬ್ಯಾಡ."

"ಆತು," ಎಂದ ಅಪ್ಪ.

ನಮ್ಮಪ್ಪ ಆತು ಎಂದರೆ ಆತು. ಸಾಕ್ಷಿ ಬೇರೆ ಬೇಕಾಗಿಲ್ಲ, ಆದರೂ ಮನೆಮಂದಿಯೆಲ್ಲ ಸಾಕ್ಷಿಯಾಗಿದ್ದರು.

ಅಪ್ಪನೇ ಕಾರು ನಡೆಸಬೇಕು ಎಂಬುದು ನನಗೆ ಹೊಳೆದದ್ದು ಮುಂದಿನ ಪಂಚಮಿ ಹತ್ತಿರ ಬಂದಾಗ. ನಾನು ನಡೆಸಿದರೆ ಒಂದು ಸೀಟು ನನಗೇ ಹೋಗುತ್ತದೆ, ಅಣ್ಣತಂಗಿಯಲ್ಲಿ ಒಬ್ಬರು ಊರಲ್ಲೇ ಉಳಿಯಬೇಕು. ಅಪ್ಪನ ಕಣ್ಣು ಈಗ ನನ್ನ ಕಣ್ಣಿಗಿಂತ ಚುರುಕಾಗಿದ್ದವು, ಲೈಸೆನ್ಸೂ ಇತ್ತು. ಕಣ್ಣು ತೋರಿಸಿ, "ನಡೆಸ್ರಿ" ಎಂದು ಡಾಕ್ಟರ ಬಾಯಿಂದಲೇ ಹೇಳಿಸಿಕೊಂಡು ಬಂದ. ಆಮೇಲೆ ಒಂದು ಮುಂಜಾನೆ ಅಂಗಳದಲ್ಲಿ ಕಾರಿನ ಬಾಗಿಲು ತೆಗೆದು ಒಳಗೆ ಕೂತ.

ಕೂತ ಎನ್ನುವುದು ತಪ್ಪು. ತುರುಕಿಕೊಂಡ. ರುಮಾಲು ಛಾವಣಿಗೆ ಒತ್ತಿ, ಜಾರಿ, ಹುಬ್ಬು ದಾಟಿ ಮೂಗಿನವರೆಗೆ ಬಂತು. ಸರಿಮಾಡಿಕೊಂಡು ಮತ್ತೆ ಕೂತ. ಕುತ್ತಿಗೆ ಮುರಿದು ಎದೆಗೆ ಗದ್ದ ಹಚ್ಚಿದರೆ ಮಾತ್ರ ರುಮಾಲು ನಿಲ್ಲುತ್ತಿತ್ತು, ಆಗ ಕಾಣುವುದು ಅವನ ಮೊಣಕಾಲು ಅಷ್ಟೇ.

"ಅಪ್ಪಾ, ಗಾಡ್ಯಾಗ ಕುಂತಾಗ ಅಷ್ಟ ರುಮಾಲ ತಗದ ಇಡು," ಎಂದೆ.

ಅಡುಗೆಮನೆಯ ಬಾಗಿಲಲ್ಲಿದ್ದ ಅವ್ವ "ಬಿಡ್ತು ಅನ್ನು" ಎಂದು ನನಗೇ ಗದರಿದಳು. ನನಗೆ ತಿಳಿಯದ್ದೇನಲ್ಲ. ನಮ್ಮಲ್ಲಿ ವಯಸ್ಸಾದವರು ಬರಿದಲೆಯಲ್ಲಿ ಇನ್ನೊಬ್ಬರ ಬಾಗಿಲಿಗೆ ಹೋದರೆ ಸಾವಿನ ಸುದ್ದಿ ತಂದಿದ್ದಾರೆಂದೇ ಲೆಕ್ಕ. ಹಬ್ಬಕ್ಕೆ ತಂಗಿಯನ್ನು ಕರೆಯಲು ಹೋಗುವ ಅಣ್ಣ ಹಾಗೆ ಹೋದರೆ ಅವಳು ಹೊಸ್ತಿಲಲ್ಲೇ ಎದೆ ಹಿಡಿದುಕೊಂಡು ಕುಸಿಯುತ್ತಾಳೆ.

"ಹಂಗಾರ ಟೊಪಗಿ ಹಾಕ್ಕೋ."

"ಟೊಪಗಿ ಹಾಕ್ಕೊಂಡು ಕೆಂಪ ಗಾಡ್ಯಾಗ ಹೋದ್ರ ಇಲೆಕ್ಷನ್ನಿಗೆ ನಿಂತಾನ ಅಂತಾರ," ಎಂದ ಅಪ್ಪ. ಕಾರಿನಿಂದ ಇಳಿದು, ಛಾವಣಿಯ ಮೇಲೆ ಕೈಯಿಟ್ಟು ನಿಂತ. "ಮಾತ ಕೊಟ್ಟೇನಿ ಯವ್ವಾ. ಏನರ ಮಾಡು." ಅಪ್ಪ ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು. ಆ ಸೀಟನ್ನು ಪಾತಾಳಕ್ಕೆ ಇಳಿಸಲೂ ನಾನು ತಯಾರಾದೆ.

ಅಪ್ಪನನ್ನು ಜೀಪಿನಲ್ಲಿ ತಮ್ಮನ ಜೊತೆ ಕೂರಿಸಿ, ನಾನು ಕಾರು ತೆಗೆದುಕೊಂಡು, ಮತ್ತೆ ಸಿಂದಗಿಯ ಅದೇ ಕುಶನ್ ಅಂಗಡಿಗೆ ಹೋದೆವು. ಅಂಗಡಿಯವರದು ತಲೆತಲಾಂತರದಿಂದ ಅಲ್ಲೇ ಇರುವ ಮುಸಲ್ಮಾನರ ಮನೆತನ. ಅಜ್ಜ ಬಂಡಿಗೆ ಗಾದಿ ಹೊಲಿಯುತ್ತಿದ್ದರು, ಮೊಮ್ಮಗ ಟ್ರ್ಯಾಕ್ಟರ್, ಲಾರಿ, ಬುಲೆಟ್ಟುಗಳಿಗೆ ಸೀಟು ಹೊಲಿಯುತ್ತಾರೆ. ನಾನು ಬಂದ ಕಾರಣ ಹೇಳಿದ ಕೂಡಲೇ ಸೂಜಿ ಕೆಳಗಿಟ್ಟರು.

"ಅಕ್ಕಾರ, ಅವತ್ತ ನೀವ ಬಂದು ಎತ್ತರ ಮಾಡ್ರಿ ಅಂದ್ರಿ. ಇವತ್ತ ಕೆಳಗ ಮಾಡ್ರಿ ಅಂತೀರಿ. ಕೋರ್ಟಿನ್ಯಾಗೂ ಹಿಂಗ ಮಾತ ಬದಲಸ್ತೀರೇನು?"

"ಇದು ಬ್ಯಾರೆ ಪಾರ್ಟಿ ಭಾಯಿ," ಎಂದು ಅಪ್ಪನನ್ನು ತೋರಿಸಿದೆ.

ಅಪ್ಪನನ್ನು ನೋಡಿ ಅವರು ಎದ್ದು ನಿಂತರು. ಎದ್ದು ನಿಂತದ್ದೇ ತೊಂದರೆಯ ಆರಂಭ ಎಂದು ನನಗೆ ಆಗ ತಿಳಿಯಲಿಲ್ಲ. "ಗೌಡ್ರ, ನಮ್ಮ ಅಬ್ಬಾನ ಕಾಲದಿಂದ ಈ ಅಂಗಡ್ಯಾಗ ಸೀಟು ಏರ್ಯಾವ, ಒಂದೂ ಇಳದಿಲ್ಲ. ಮಂದಿ ತಮ್ಮ ಕುರ್ಚಿ ಮ್ಯಾಲಕ್ಕ ಹೋಗಲಿ ಅಂತಾರ. ನಿಮ್ಮನ್ನ ನಾ ಹೆಂಗ ಕೆಳಗ ಕುಂಡ್ರಸಲ್ರಿ?"

ತಂಗಿಯ ವಿಷಯ, ಕೊಟ್ಟ ಮಾತು, ರುಮಾಲು, ಎಲ್ಲವನ್ನೂ ಅಪ್ಪ ವಿವರವಾಗಿ ಹೇಳಿದ ಮೇಲೆ ಅವರು ಒಪ್ಪಿದರು. ನಾಲ್ಕು ಬೋಲ್ಟು ಬಿಚ್ಚಿ ಸೀಟನ್ನು ಹೊರಗೆ ತಂದಿಟ್ಟರು. ಕೆಳಗೆ ಏನೇನಿತ್ತೋ. ಒಣಗಿ ಕರ್ರಗಾಗಿದ್ದ ಒಂದು ನಿಂಬೆಕಾಯಿ, ನನ್ನ ಎರಡು ಪೆನ್ನು, ತಲೆಯ ಪಿನ್ನುಗಳು, ಕೋರ್ಟಿನಲ್ಲಿ ಕೊರಳಿಗೆ ಕಟ್ಟುವ ನನ್ನ ಬಿಳಿ ಬ್ಯಾಂಡು. ಆ ಬ್ಯಾಂಡು ಕಳೆಯಿತೆಂದು ನಾನು ತಮ್ಮನ ಹೆಂಡತಿಯ ಜೊತೆ ವಾರಗಟ್ಟಲೆ ಮುಖ ಊದಿಸಿಕೊಂಡು ಓಡಾಡಿದ್ದೆ. ಅದನ್ನು ಯಾರಿಗೂ ಕಾಣದಂತೆ ಚೀಲಕ್ಕೆ ಹಾಕಿಕೊಂಡೆ.

ನನ್ನ ಫೋಮು ಹೋಯಿತು, ಹಲಗೆ ಹೋಯಿತು. ಅದರ ಕೆಳಗೆ ಸೀಟು ಹಿಂದೆ ಮುಂದೆ ಸರಿಯುವ ಕಬ್ಬಿಣದ ಹಳಿ, ಹಳಿಯ ಕೆಳಗೆ ಎತ್ತರದ ಕಾಲು. ಸೀಟಿಲ್ಲದ ಕಾರಿನಲ್ಲಿ ಅಪ್ಪನನ್ನು ಬರೀ ತಗಡಿನ ಮೇಲೆ ಕೂರಿಸಿ, ರುಮಾಲಿನ ತುದಿಯಿಂದ ಛಾವಣಿಯವರೆಗೆ ನಾನೇ ಟೇಪು ಹಿಡಿದೆ. ಕೇಸಿನ ಜಮೀನು ಅಳೆಯುವಾಗಲೂ ನಾನು ಅಷ್ಟು ಕಟ್ಟುನಿಟ್ಟಾಗಿ ಅಳೆದದ್ದಿಲ್ಲ. ಹಳಿಯ ಕಾಲನ್ನು ಕೊಯ್ದು ಗಿಡ್ಡ ಮಾಡಿ ಪಕ್ಕದ ವೆಲ್ಡಿಂಗ್ ಅಂಗಡಿಯಲ್ಲಿ ಗಟ್ಟಿಯಾಗಿ ಕೂಡಿಸುವುದು, ಒಳಗಿನ ಸ್ಪ್ರಿಂಗು ಕಿತ್ತು ಮಂಚಕ್ಕೆ ಹೆಣೆಯುವ ನವಾರ ಪಟ್ಟಿ ಹೆಣೆಯುವುದು, ಮೇಲೆ ತೆಳ್ಳಗೆ ಒಂದೇ ಪದರ ಫೋಮು ಹಾಕುವುದು ಎಂದು ತೀರ್ಮಾನವಾಯಿತು. ಸೀಟ್ ಬೆಲ್ಟು ಸಡಿಲಾಗದಂತೆ ಅದರ ಕೊಂಡಿಯನ್ನೂ ಇಳಿಸಬೇಕೆಂದು ನಾನು ಹಟ ಹಿಡಿದೆ.

ಕೆಲವು ದಿನ ಬಿಟ್ಟು ಹೋದೆವು. ಸೀಟು ಹೊಸ ಮದುಮಗನ ಹಾಗೆ ಹೊಳೆಯುತ್ತಿತ್ತು. ಅಪ್ಪ ಕೂತ. ರುಮಾಲು ಮತ್ತೆ ಛಾವಣಿಗೆ ತಾಗಿತು.

ಟೇಪು ತೆಗೆದೆ, ಅಳೆದೆ, ನನ್ನ ಲೆಕ್ಕವೇ ತಪ್ಪಿತೇ ಎಂದು ತಲೆ ಬಿಸಿಯಾಯಿತು. ಕೊನೆಗೆ ಸೀಟಿನ ಹೊದಿಕೆಯ ಅಂಚು ಎತ್ತಿ ನೋಡಿದರೆ ಒಳಗೆ ಹೇಳಿದ್ದಕ್ಕಿಂತ ಒಂದು ಪದರ ಜಾಸ್ತಿ ಫೋಮು.

"ಭಾಯಿ, ಇದೇನಿದು?"

"ಅದು ನನ್ನ ಕಡಿಂದ್ರಿ," ಎಂದರು ಅವರು, ಒಂದಿಷ್ಟೂ ಅಳುಕಿಲ್ಲದೆ. "ಗೌಡ್ರು ಬರೇ ಪಟ್ಟಿ ಮ್ಯಾಲ ಕುಂಡ್ರೂದು ಮನಸ್ಸಿಗೆ ಛಲೋ ಅನಸಲಿಲ್ಲ. ಹಿರೇರಿಗೆ ಒಂದೀಟು ಮರ್ಯಾದಿ ಬ್ಯಾಡೇನ್ರಿ?"

"ನಿಮ್ಮ ಮರ್ಯಾದಿ ಎಷ್ಟ ದಪ್ಪ ಐತಿ?"

"ಎರಡ ಬಟ್ಟ," ಎಂದು ಎರಡು ಬೆರಳು ಜೋಡಿಸಿ ತೋರಿಸಿದರು.

"ಆ ಎರಡ ಬಟ್ಟ ತಗೀರಿ ಮದಲ!"

ನನ್ನ ದನಿ ಕೇಳಿ ಎದುರಿನ ಚಹಾ ಅಂಗಡಿಯಿಂದ ಮಂದಿ ಎದ್ದು ಬಂದರು. ಅಪ್ಪ ಮಾತ್ರ ಆ ಮರ್ಯಾದೆಗೆ ಭಾರೀ ಖುಷಿಯಾಗಿ ಅವರ ಹೆಗಲ ಮೇಲೆ ಕೈಯಿಟ್ಟು ಚಹಾ ಕುಡಿಯುತ್ತಿದ್ದ. ಫೋಮು ಹೊರಗೆ ಬಂತು. ಆದರೆ ಮರ್ಯಾದೆಗೆಂದು ಹಾಕಿದ್ದನ್ನು ಮೂಲೆಗೆ ಎಸೆಯಲು ಅವರ ಕೈ ಬರಲಿಲ್ಲ. ಪಕ್ಕದ ಸೀಟಿನ ಹೊದಿಕೆ ಬಿಚ್ಚಿ, ಅದನ್ನು ಅಲ್ಲಿ ಸೇರಿಸಿ ಹೊಲಿದುಬಿಟ್ಟರು. "ತಂಗೆವ್ವಾರ ಕುಂಡ್ರತಾರಲ್ರಿ, ಅವರಿಗಿರಲಿ," ಎಂದರು. ಅಪ್ಪ ಮತ್ತೆ ಕೂತ. ರುಮಾಲಿಗೂ ಛಾವಣಿಗೂ ನಡುವೆ ನನ್ನ ಬೆರಳು ಸಲೀಸಾಗಿ ಆಡಿತು. ಅಷ್ಟು ಸಂತೋಷ ನನಗೆ ಕೇಸು ಗೆದ್ದಾಗಲೂ ಆಗಿಲ್ಲ.

ಮುಳವಾಡದ ಕಾಲುವೆಯ ಪಕ್ಕದ ರಸ್ತೆಯಲ್ಲಿ ಅಪ್ಪ ಕಾರು ಕಲಿತ. ಕಲಿತ ಎಂದರೆ ಗೇರು, ಬ್ರೇಕು ಎಲ್ಲ ಬರುತ್ತಿದ್ದವು, ಕೆಳಗೆ ಕೂತು ನಡೆಸುವುದನ್ನು ಕಲಿತ. ಜನ್ಮವಿಡೀ ಟ್ರ್ಯಾಕ್ಟರಿನ ಮೇಲಿಂದ ಲೋಕ ನೋಡಿದವನು. ಈಗ ಕಾಲು ಮುಂದೆ ಚಾಚಿ, ನೆಲಕ್ಕೆ ಬೆನ್ನು ಹಚ್ಚಿದವನ ಹಾಗೆ ಕೂತಿದ್ದ. ಸ್ಟೇರಿಂಗ್ ಎದೆಯ ಮಟ್ಟಕ್ಕೆ ಬಂದಿತ್ತು. ಎದುರಿನಿಂದ ಒಂದು ಕುರಿಹಿಂಡು ಬಂದಾಗ ಕಾರು ನಿಲ್ಲಿಸಿದ. ಕುರಿಗಳು ಎರಡೂ ಕಡೆ ಹರಿದು ಹೋದವು, ಒಂದೊಂದೂ ಕಿಟಕಿಯಲ್ಲಿ ಅವನ ಮುಖಕ್ಕೆ ಮುಖ ಕೊಟ್ಟು ನೋಡಿ ಹೋಯಿತು.

"ಇಷ್ಟ ವರ್ಷ ಕುರಿ ಬೆನ್ನ ನೋಡಿದ್ನಿ," ಎಂದ ಅಪ್ಪ. "ಮಾರಿ ಇವತ್ತ ನೋಡಿದ್ನಿ. ಶಾಣ್ಯಾ ಅದಾವ."

ಪಂಚಮಿ ಬಂತು. ಕರೆಯಲು ಹೋಗುವ ದಿನ ಅಪ್ಪ ಬೆಳಗ್ಗೆಯೇ ಮಿಂದು, ಮಡಿ ಧೋತರ ಉಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು ಹೊರಗೆ ಬಂದ. ತಲೆಯ ಮೇಲೆ ಜರಿ ಅಂಚಿನ ದೊಡ್ಡ ರುಮಾಲು. ಅತ್ತೆಯ ಮಗನ ಮದುವೆಯಲ್ಲಿ ಅವಳು ಅಣ್ಣನಿಗೆ ಆಯೇರಿಯಾಗಿ ಕೊಟ್ಟದ್ದು. ಹಬ್ಬಹುಣ್ಣಿಮೆಗೆ ಮಾತ್ರ ಹೊರಗೆ ತೆಗೆಯುವ ಅದನ್ನು ಸುತ್ತಿದರೆ ದಿನದ ರುಮಾಲಿಗಿಂತ ಮೇಲಕ್ಕೆ ಎದ್ದು ನಿಲ್ಲುತ್ತದೆ. ಅದನ್ನು ನೋಡಿದ ಕೂಡಲೇ ನನ್ನ ಕಣ್ಣು ಕಾರಿನ ಛಾವಣಿಗೆ ಹೋಯಿತು.

ಅಪ್ಪ ಕಾರಿನಲ್ಲಿ ಕೂತ. ರುಮಾಲು ಛಾವಣಿಗೆ ಒತ್ತಿ, ಜಾರಿ, ಹುಬ್ಬಿಗೆ ಬಂತು.

"ಅಪ್ಪಾ! ಅಳತಿ ಕೊಡೂಮುಂದ ದಿನದ ರುಮಾಲ ಸುತ್ತಗೊಂಡು ಬಂದಿದ್ದೆಲ್ಲ!"

"ಸಿಂದಗಿ ಬಜಾರಕ್ಕ ಜರಿ ರುಮಾಲ ಸುತ್ತಗೊಂಡ ಹೋಗತಾರೇನು?"

"ಹಂಗಾರ ಇವತ್ತೂ ದಿನದ್ದ ಸುತ್ತಗೋ!"

"ಹಬ್ಬಕ್ಕ ತಂಗೀನ್ನ ಕರೀಲಿಕ್ಕೆ ದಿನದ ರುಮಾಲ ಸುತ್ತಗೊಂಡು ಹೋಗು ಅಣ್ಣ ಯಾವ ಊರಾಗ ಅದಾನ?"

ಎರಡೂ ಸರಿಯೇ. ಅದಕ್ಕೇ ನನ್ನ ಸಿಟ್ಟು ನೆತ್ತಿಗೇರಿತು. ಟೇಪು ಹಿಡಿದ ನಾನು, ಹೊಲಿದ ಭಾಯಿ, ನೋಡುತ್ತ ನಿಂತ ತಮ್ಮ, ಅವ್ವ, ಎಲ್ಲರೂ ಇಲ್ಲೇ ಹುಟ್ಟಿ ಬೆಳೆದವರು. ಒಬ್ಬರಿಗಾದರೂ ಹಬ್ಬದ ರುಮಾಲು ನೆನಪಾಗಬಾರದೇ? ಇನ್ನು ಇಳಿಸಲು ಸೀಟಿನಲ್ಲಿ ಏನೂ ಉಳಿದಿರಲಿಲ್ಲ. ಬೆನ್ನಿನ ಕಡೆ ಹಿಂದಕ್ಕೆ ವಾಲಿಸೋಣ ಎಂದೆ. ಮಲಗಿಕೊಂಡು ಗಾಡಿ ಹೊಡೆಯುವುದು ತನಗೆ ಬರುವುದಿಲ್ಲ ಎಂದ ಅಪ್ಪ. ತಮ್ಮ ಮೆಲ್ಲಗೆ "ಜೀಪ್ ತಗೀಲೇನು?" ಎಂದ. ಅಪ್ಪ ಕಾರಿನಿಂದ ಹೊರಗೆ ಬರಲಿಲ್ಲ. ಸ್ಟೇರಿಂಗ್ ಹಿಡಿದುಕೊಂಡೇ ಕೂತಿದ್ದ. ಅಲ್ಲಿ ತಂಗಡಗಿಯಲ್ಲಿ ಅತ್ತೆ ಮುಂಜಾನೆಯಿಂದ ಮೂರು ಸಲ ಫೋನು ಮಾಡಿದ್ದಳು.

ಅವ್ವ ಒಳಗೆ ಹೋಗಿ ದಿನದ ರುಮಾಲು ತಂದಳು. "ಇದನ್ನ ಸುತ್ತಗೊಂಡ ಹೋಗ್ರಿ. ಊರ ಅಂಚಿನ್ಯಾಗ ಜರೀದು ಸುತ್ತಗೋರಿ. ಆಕಿ ನೋಡೂದು ಬಾಗಲದಾಗ ನಿಂತಾಗ," ಎಂದಳು. ಅಪ್ಪ ಒಂದು ಗಳಿಗೆ ವಿಚಾರ ಮಾಡಿ, "ಆತು," ಎಂದ.

ಅಪ್ಪ ಕಾರಿನಲ್ಲಿ, ಪಕ್ಕದ ಸೀಟಿನಲ್ಲಿ ಮಡಿಸಿಟ್ಟ ಜರಿ ರುಮಾಲು. ಹಿಂದೆ ಜೀಪಿನಲ್ಲಿ ನಾನು ಮತ್ತು ತಮ್ಮ. ಅತ್ತೆಯ ಗಂಟುಮೂಟೆ ಆ ಡಿಕ್ಕಿಯಲ್ಲಿ ಹಿಡಿಸುವುದಿಲ್ಲ, ಅದಕ್ಕೆ ಜೀಪು ಎಂದು ಹೇಳಿದ್ದೆವು. ಅಪ್ಪನ ಮೇಲೆ ಕಣ್ಣಿಡಲು ಎಂಬುದು ಅವನಿಗೂ ಗೊತ್ತಿತ್ತು. ಬಾಗೇವಾಡಿ ದಾಟಿ, ಮುದ್ದೇಬಿಹಾಳ ದಾಟಿ, ತಂಗಡಗಿ ಇನ್ನೇನು ಬಂತು ಎನ್ನುವಾಗ ರಸ್ತೆಯ ಪಕ್ಕ ಒಂದು ಬೇವಿನ ಗಿಡದ ಕೆಳಗೆ ಕಾರು ನಿಂತಿತು.

ರುಮಾಲು ಬದಲಿಸಬೇಕೆಂದರೆ ಒಂದು ಕ್ಷಣವಾದರೂ ತಲೆ ಬರಿದಾಗಬೇಕು. ದಾರಿಯಲ್ಲಿ ನೋಡುವ ಮಂದಿ. ಜೀಪಿನಲ್ಲಿದ್ದ ಕೌದಿಯನ್ನು ಬಿಚ್ಚಿ ಪರದೆಯ ಹಾಗೆ ಹಿಡಿದೆವು. ಒಂದು ತುದಿ ನನ್ನದು, ನಾನು ಗಿಡ್ಡಿಯಾದ್ದರಿಂದ ತುದಿಗಾಲಲ್ಲಿ ನಿಂತಿದ್ದೆ. ಇನ್ನೊಂದು ತುದಿ ತಮ್ಮನದು, ಅವನ ಇನ್ನೊಂದು ಕೈಯಲ್ಲಿ ರುಮಾಲಿನ ತುದಿ. ಅಷ್ಟುದ್ದದ ಬಟ್ಟೆ ಸುತ್ತಬೇಕೆಂದರೆ ಆಚೆ ತುದಿಯನ್ನು ಯಾರಾದರೂ ಬಿಗಿಯಾಗಿ ಹಿಡಿಯಲೇಬೇಕು. ಅವನಿಗೆ ಬಿಗಿ ಹಿಡಿಯಲು ಬರುತ್ತಿರಲಿಲ್ಲ, ಅಪ್ಪ ಒಳಗಿನಿಂದ ಬೈಯುತ್ತಿದ್ದ.

ಅಷ್ಟರಲ್ಲಿ ಕುರಿ ಕಾಯುವ ಒಬ್ಬರು ಬಂದು ನಿಂತರು. ಕೌದಿಯನ್ನು ನೋಡಿದರು, ನನ್ನ ಮುಖ ನೋಡಿದರು. "ಯಾಕವ್ವಾ, ಯಾರಿಗರ ಬ್ಯಾನಿ ಬಂದಾವೇನು? ನಮ್ಮ ಹೆಣ್ಮಕ್ಕಳು ಹಿಂದ ಬರಾಕತ್ತಾರ, ಕರೀಲೇನು?"

ಕೌದಿಯ ಹಿಂದಿನಿಂದ ಅಪ್ಪನ ದನಿ ಬಂತು. "ಬ್ಯಾಡೋ ಮಾರಾಯಾ, ಹಡದ ಮುಗೀತು."

ಅವರು ಬೆಚ್ಚಿಬಿದ್ದು, ಆಮೇಲೆ ಕಾರಣ ತಿಳಿದು, ಕೋಲು ಊರಿಕೊಂಡು ನಗತೊಡಗಿದರು. ಅವರ ಕುರಿಗಳು ಜೀಪಿನ ಸುತ್ತ ಮೇಯತೊಡಗಿದವು. ನಾನೂ ನಕ್ಕು ನಕ್ಕು ಕೌದಿ ಕೈಬಿಟ್ಟೆ. ರುಮಾಲು ಸೊಟ್ಟಗೆ, ಸಡಿಲವಾಗಿ, ಮೊದಲಿ‌ಗಿಂತಲೂ ಎತ್ತರವಾಗಿ ಅಪ್ಪನ ತಲೆಯ ಮೇಲೆ ಕೂತಿತ್ತು.

ಊರೊಳಗಿನ ಆ ಸ್ವಲ್ಪ ದಾರಿಯನ್ನು ಅಪ್ಪ ತಲೆಯನ್ನು ಒಂದು ಕಡೆ ವಾಲಿಸಿಕೊಂಡು, ರುಮಾಲಿನ ಅರ್ಧವನ್ನು ಕಿಟಕಿಯ ಹೊರಗೆ ಬಿಟ್ಟುಕೊಂಡು, ಬಂಡಿಗಿಂತ ನಿಧಾನವಾಗಿ ನಡೆಸಿದ. ಅತ್ತೆ ಹೊಸ್ತಿಲಲ್ಲಿ ಹೊಸ ಇಳಕಲ್ ಸೀರೆ ಉಟ್ಟು, ತಂಬಿಗೆಯಲ್ಲಿ ನೀರು ಹಿಡಿದು ನಿಂತಿದ್ದಳು. ಅಣ್ಣ ಕಾರಿನಿಂದ ಇಳಿದು, ಬೆನ್ನು ನೆಟ್ಟಗೆ ಮಾಡಿ, ಬಾಗಿಲ ಮುಂದೆ ನಿಂತು "ನಡಿಯವಾ, ಕರೀಲಿಕ್ಕೆ ಬಂದೇನಿ" ಎಂದ. ಅವಳ ಕಣ್ಣು ತುಂಬಿದವು, ನನ್ನವೂ. ಆದರೆ ಅವಳ ಕಣ್ಣು ತುಂಬಿದ್ದರೂ ರುಮಾಲು ಕಂಡೇ ಕಂಡಿತು.

"ಯಾರ ಸುತ್ಯಾರಿದನ್ನ? ಹುಲ್ಲಿನ ಬಣವಿ ಕಂಡಂಗ ಕಾಣತೈತಿ!"

ಊಟದ ಹೊತ್ತಿಗೆ ತಮ್ಮ ಎಲ್ಲವನ್ನೂ ಹೇಳಿಬಿಟ್ಟ, ಸೀಟು, ಟೇಪು, ಮರ್ಯಾದೆ, ಕೌದಿ. ಅತ್ತೆ ನಕ್ಕು ನಕ್ಕು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಆಮೇಲೆ ಅಣ್ಣನನ್ನು ಒಳಗಿನ ಕೋಣೆಗೆ ಕರೆದು, ಮಣೆ ಹಾಕಿ ಕೂರಿಸಿ, ರುಮಾಲು ತಾನೇ ಬಿಚ್ಚಿದಳು. ಅಪ್ಪನ ಕೈ ತಾನಾಗಿ ನೆತ್ತಿಗೆ ಹೋಯಿತು. "ನನ್ನ ಮುಂದೆಂಥಾ ನಾಚಿಕಿ? ನಿನ್ನ ತಲ್ಯಾಗಿನ ಹೇನ ತಗದಾಕಿ ನಾ," ಎಂದು ಅವಳು ಆ ಕೈಯನ್ನು ಕೆಳಗಿಳಿಸಿದಳು.

ಅವರಪ್ಪ, ಅಂದರೆ ನಮ್ಮಜ್ಜ, ಹೊಲಕ್ಕೆ ಹೋಗುವಾಗ ದಿನಾ ಬೆಳಗ್ಗೆ ರುಮಾಲಿನ ತುದಿ ಹಿಡಿಯುವುದು ಚಿಕ್ಕವಳಾಗಿದ್ದ ಅವಳ ಕೆಲಸವಾಗಿತ್ತಂತೆ. ಗಿಡದ ಟೊಂಗೆಗೆ ಸಿಗಬಾರದೆಂದು ಅವರು ಅಗಲವಾಗಿ, ಚಪ್ಪಟೆಯಾಗಿ ಸುತ್ತುತ್ತಿದ್ದರು. ಆ ಸುತ್ತು ಅಪ್ಪನಿಗೆ ಮರೆತುಹೋಗಿತ್ತು, ಅತ್ತೆಯ ಬೆರಳಿಗೆ ಮರೆತಿರಲಿಲ್ಲ. ನನ್ನ ಕೈಗೆ ತುದಿ ಕೊಟ್ಟು "ಬಿಗಿ ಹಿಡಿ" ಎಂದಳು. ಬಟ್ಟೆ ಕೈಯಿಂದ ಜಾರಿ ಜಾರಿ ಮುಗಿದಾಗ ಜರಿ ರುಮಾಲು ಅಪ್ಪನ ಕಿವಿಯ ಮೇಲೆ ಅಗಲವಾಗಿ, ತಗ್ಗಾಗಿ ಕೂತಿತ್ತು. ಅಪ್ಪ ಕನ್ನಡಿಯಲ್ಲಿ ನೋಡಿಕೊಂಡ. "ಅಪ್ಪನಂಗ ಕಾಣಾಕತ್ತೇನಿ," ಎಂದ.

ಕಾರಿನಲ್ಲಿ ಕೂತಾಗ ನಾನು ರುಮಾಲಿಗೂ ಛಾವಣಿಗೂ ನಡುವೆ ಬೆರಳು ಆಡಿಸಿದೆ. ಸಲೀಸಾಗಿ ಆಡಿತು.

ಅತ್ತೆಯ ಗಂಟು, ಉಂಡಿಯ ಡಬ್ಬಿ, ಶೇಂಗಾ ಚೀಲ ಎಲ್ಲ ಜೀಪಿಗೆ ಬಂದವು. ಅವಳೊಬ್ಬಳು ಕಾರಿಗೆ ಹೋದಳು. ಹಿಂದಿನಿಂದ ನೋಡುತ್ತ ಬಂದ ನನಗೆ ಕಾರಿನ ಹಿಂದಿನ ಗಾಜಿನಲ್ಲಿ ಎರಡು ತಲೆ ಕಾಣುತ್ತಿದ್ದವು. ಭಾಯಿಯ ಎರಡು ಬಟ್ಟು ಮರ್ಯಾದೆಯ ಮೇಲೆ ಕೂತ ಅತ್ತೆಯ ಸೆರಗು ಮೇಲೆ, ನವಾರ ಪಟ್ಟಿಯ ಮೇಲೆ ಕೂತ ಅಪ್ಪನ ರುಮಾಲು ಕೆಳಗೆ. ಬಂಡಿಯ ಕಾಲದ ನಂತರ ಮೊದಲ ಸಲ ಅವಳು ಅಣ್ಣನಿಗಿಂತ ಎತ್ತರವಾಗಿದ್ದಳು. ಅವಳ ಕೈ ಸುಮ್ಮನಿರಲಿಲ್ಲ, ಏನೋ ಹೇಳುತ್ತಿತ್ತು, ಏನೋ ಎಣಿಸುತ್ತಿತ್ತು, ಯಾರನ್ನೋ ಬೈಯುತ್ತಿತ್ತು. ರುಮಾಲು ಹೌದೆಂದು ಆಡುತ್ತಿತ್ತು. ಕಾರು ಎಷ್ಟು ನಿಧಾನವಾಗಿ ಹೋಗುತ್ತಿತ್ತೆಂದರೆ ಗೊಬ್ಬರದ ಟ್ರ್ಯಾಕ್ಟರುಗಳೂ ಹಾರನ್ನು ಹೊಡೆದು ದಾಟಿ ಹೋದವು. ತಮ್ಮ ಮುಂದೆ ಹೋಗೋಣ ಎಂದ. ಹೋದರೆ ಕಾಲು ಮುರಿಯುತ್ತೇನೆ ಎಂದೆ.

ನಾನು ತವರು ಬಿಟ್ಟು ಹೋದವಳಲ್ಲ, ನನ್ನನ್ನು ಕರೆಯಲು ಯಾರೂ ಬರಬೇಕಾದ್ದಿಲ್ಲ. ಅದಕ್ಕೆ ನನಗೆ ಎಂದೂ ಕೊರಗಿಲ್ಲ. ಆದರೆ ಆ ದಾರಿಯಲ್ಲಿ ಮಾತ್ರ ಸ್ವಲ್ಪ ಹೊಟ್ಟೆಕಿಚ್ಚಾಯಿತು ಎಂದು ಹೇಳಲೇಬೇಕು.

ಹೊತ್ತು ಇಳಿಯುವಾಗ ಮಸೂತಿ ಮುಟ್ಟಿದೆವು. ಅವ್ವ ಆರತಿ ಹಿಡಿದು ಬಾಗಿಲಿಗೆ ಬಂದಳು. ಅತ್ತೆ ತನ್ನ ಎತ್ತರದ ಸೀಟಿನಿಂದ ಸಲೀಸಾಗಿ ಕಾಲಿಟ್ಟು ಇಳಿದಳು. ಅಪ್ಪ ಇಳಿಯಲಿಲ್ಲ. ಕಾಲು ಹೊರಗೆ ಹಾಕಿದ, ಬಾಗಿಲು ಹಿಡಿದ, ಏಳಲು ನೋಡಿದ, ಮತ್ತೆ ಕೂತ. ಅಷ್ಟು ದೂರ ನೆಲಮಟ್ಟದಲ್ಲಿ ಕೂತು ಮೊಣಕಾಲು ಹಿಡಿದುಬಿಟ್ಟಿದ್ದವು. ಇಳಿಸುವುದನ್ನೇ ಅಳೆದ ನಾನು ಏಳುವುದನ್ನು ಅಳೆದಿರಲಿಲ್ಲ.

ನಾನೂ ತಮ್ಮನೂ ಓಡಿದೆವು. ಅಷ್ಟರಲ್ಲಿ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕಾರಿನ ಉದ್ದನೆಯ ಮೂತಿಯನ್ನು ಸುತ್ತಿ ಆ ಕಡೆಗೆ ಹೋಗಿದ್ದಳು. ನಮ್ಮನ್ನು ಅಲ್ಲೇ ನಿಲ್ಲಲು ಸನ್ನೆ ಮಾಡಿ, ಬಾಗಿ, ಅಣ್ಣನಿಗೆ ಕೈ ಚಾಚಿದಳು.

"ಏಳೋ ಅಣ್ಣಾ," ಎಂದಳು, "ತವರಮನಿ ಬಂತು."